ಬೆಂಗಳೂರಿನಲ್ಲಿ ಕಾರವಾರದ ಮೀನೂಟ: ಬಾಡಿಗೆ ಕರಾರಿಗೆ ಸಹಿ ಹಾಕುವ ಮೊದಲು

ಪ್ರಶ್ನೆ: ನಮಸ್ಕಾರ ಸರ್. ಕಾರವಾರದ ಕೋಡಿಬಾಗದಲ್ಲಿ ಆಯಿ (ಅಮ್ಮ) ಮತ್ತು ನಾನು 11 ವರ್ಷದಿಂದ ಮೀನೂಟದ ಹೋಟೆಲ್ ನಡೆಸುತ್ತಿದ್ದೇವೆ. ಎಂಟು ಟೇಬಲ್, ಜಾಗ ಸ್ವಂತದ್ದು. ಬೆಂಗಳೂರಿಂದ ಬರುವ ಪ್ರವಾಸಿಗರು ‘ಇದೇ ಊಟ ನಮ್ಮಲ್ಲಿ ಸಿಕ್ಕರೆ ವಾರಕ್ಕೆರಡು ಸಲ ಬರ್ತೇವೆ’ ಎನ್ನುತ್ತಾರೆ. ನನ್ನ ಗಂಡನ ಸ್ನೇಹಿತರೊಬ್ಬರು ಎಚ್‌ಎಸ್‌ಆರ್ ಲೇಔಟ್‌ನ ಮುಖ್ಯ ರಸ್ತೆಯಲ್ಲಿ 900 ಚದರ ಅಡಿಯ ಅಂಗಡಿ ನೋಡಿದ್ದಾರೆ. ಬಾಡಿಗೆ ತಿಂಗಳಿಗೆ 1,60,000 ರೂಪಾಯಿ, ಅಡ್ವಾನ್ಸ್ ಹತ್ತು ತಿಂಗಳದ್ದು, ಮೂರು ವರ್ಷ ಬಿಡುವ ಹಾಗಿಲ್ಲ. ಅರ್ಧ ಬಂಡವಾಳ ಅವರು ಹಾಕುತ್ತಾರೆ. ಕೂತು ತಿನ್ನುವವರು ಕಡಿಮೆಯಾದರೂ ಅರ್ಧ ವ್ಯಾಪಾರ ಊಟ ತಲುಪಿಸುವ ಆ್ಯಪ್‌ನಲ್ಲೇ ಆಗುತ್ತದೆ ಅನ್ನುತ್ತಾರೆ. ಹೋಗಬಹುದಾ?

ಉತ್ತರ:

ತಂಗಿ, ಬೆಂಗಳೂರಿಗೆ ಹೋಗಬಹುದು. ಈ ಅಂಗಡಿಗೆ ಮಾತ್ರ ಬೇಡ.

ನಾನು ಅಂಕೋಲೆಯವನು. 24 ವರ್ಷ ಬೆಂಗಳೂರಲ್ಲಿ ಹೋಟೆಲ್ ಲೈನಿನಲ್ಲಿದ್ದೆ. ಸಪ್ಲೈಯರ್ ಆಗಿ ಸೇರಿ, ಗಲ್ಲಾದಲ್ಲಿ ಕೂತು, ಆಮೇಲೆ ಎರಡು ಸಣ್ಣ ಹೋಟೆಲ್ ಸ್ವಂತ ನಡೆಸಿದೆ. ಈಗ ಊರಲ್ಲಿದ್ದುಕೊಂಡು ಹೊಸದಾಗಿ ಹೋಟೆಲ್ ಇಡುವವರಿಗೆ ಲೆಕ್ಕ ನೋಡಿ ಕೊಡುತ್ತೇನೆ. ನನ್ನ ಕಣ್ಣೆದುರೇ ಮುಚ್ಚಿಹೋದ ಹೋಟೆಲ್‌ಗಳಲ್ಲಿ ಅಡುಗೆ ಕೆಟ್ಟು ಮುಚ್ಚಿದವು ತೀರಾ ಕಡಿಮೆ. ಹೆಚ್ಚಿನವರು ಕರಾರಿಗೆ ಸಹಿ ಹಾಕಿದ ದಿನವೇ ಸೋತಿದ್ದರು. ಅದು ಗೊತ್ತಾಗಲು ಒಂದೂವರೆ ವರ್ಷ ಹಿಡಿಯಿತು. ಅದಕ್ಕೇ ಮೊದಲು ನಿಮ್ಮ ಅಂಗಡಿಯ ಲೆಕ್ಕಕ್ಕೇ ಬರುತ್ತೇನೆ.

1,60,000 ಬಾಡಿಗೆ ಅಂತ ಹೇಳಿದ್ದೀರಿ. ಅದು ನಿಮ್ಮ ಕೈಯಿಂದ ಹೋಗುವ ಮೊತ್ತ ಅಲ್ಲ. ವ್ಯಾಪಾರಕ್ಕೆ ಕೊಟ್ಟ ಕಟ್ಟಡದ ಬಾಡಿಗೆಗೆ 18 ಶೇಕಡಾ ಜಿಎಸ್‌ಟಿ ಇದೆ. ಓನರ್ ಜಿಎಸ್‌ಟಿಗೆ ರಿಜಿಸ್ಟರ್ ಆಗಿಲ್ಲದಿದ್ದರೂ, ರಿಜಿಸ್ಟರ್ ಆದ ಬಾಡಿಗೆದಾರರೇ ಅದನ್ನು ಕಟ್ಟಬೇಕು ಅಂತ 2024ರ ಅಕ್ಟೋಬರ್ 10ರಿಂದ ನಿಯಮ ಬಂದಿದೆ. ಅಲ್ಲಿಗೆ 28,800 ಸೇರಿ ತಿಂಗಳಿಗೆ 1,88,800 ಆಯಿತು. ಬೇರೆ ವ್ಯಾಪಾರದವರು ಹೀಗೆ ಕಟ್ಟಿದ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ನಮಗೆ ಆಗುವುದಿಲ್ಲ. 2017ರ ನವೆಂಬರ್ 15ರಿಂದ ಹೋಟೆಲ್ ಊಟದ ಮೇಲಿನ ಜಿಎಸ್‌ಟಿಯನ್ನು 5 ಶೇಕಡಾಕ್ಕೆ ಇಳಿಸಿದರು. ಅದೇ ದಿನ ಇನ್‌ಪುಟ್ ಕ್ರೆಡಿಟ್ಟನ್ನೂ, ಅಂದರೆ ಹೀಗೆ ತೆರಿಗೆ ಕಳೆದುಕೊಳ್ಳುವ ಸೌಲಭ್ಯವನ್ನೂ, ತೆಗೆದರು. ಗಿರಾಕಿಗೆ ಹಗುರವಾಯಿತು. ಬಾಡಿಗೆ, ಕಮಿಷನ್, ಫ್ರಿಜ್ಜು, ಮಿಕ್ಸರ್ ಎಲ್ಲದರ ತೆರಿಗೆ ಹೋಟೆಲಿನವರ ತಲೆ ಮೇಲೆ ಉಳಿಯಿತು.

ನನ್ನ ಅನುಭವದಲ್ಲಿ ಸಣ್ಣ ಹೋಟೆಲಿಗೆ ಬಾಡಿಗೆ ಒಟ್ಟು ವ್ಯಾಪಾರದ 12ರಿಂದ 14 ಶೇಕಡಾ ದಾಟಬಾರದು. 14 ಅಂತಲೇ ಹಿಡಿಯಿರಿ. 1,88,800 ತೆರಲು ತಿಂಗಳಿಗೆ ಸುಮಾರು ಹದಿಮೂರೂವರೆ ಲಕ್ಷ ವ್ಯಾಪಾರ ಆಗಬೇಕು. ದಿನಕ್ಕೆ 45,000. ಒಬ್ಬರು ಸರಾಸರಿ 250 ರೂಪಾಯಿಯ ಊಟ ಮಾಡಿದರೆ 180 ಜನ. ಭಾನುವಾರದ ಲೆಕ್ಕ ಹೇಳುತ್ತಿಲ್ಲ, ದಿನಾ ಇಷ್ಟು ಜನ ಬೇಕು.

ಈಗ ಅಂಗಡಿ ಒಳಗೆ ಬನ್ನಿ. 900 ಅಡಿಯಲ್ಲಿ ಅಡುಗೆಮನೆ, ಪಾತ್ರೆ ತೊಳೆಯುವ ಜಾಗ, ಗಲ್ಲಾ, ಕೈ ತೊಳೆಯುವ ಜಾಗ ಕಳೆದರೆ 32 ಕುರ್ಚಿ ಹಾಕಬಹುದು. ಮೀನೂಟದ ಹೊತ್ತು ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರು. ಒಂದು ಕುರ್ಚಿ ಮೂರು ಸಲ ತುಂಬಿದರೆ 96 ಊಟ. ರಾತ್ರಿ ಒಂದೂವರೆ ಸಲ ಅಂತ ಹಿಡಿದರೆ 48. ಎಲ್ಲ ಸೇರಿ 144. ಅಂದರೆ ಒಂದು ಕುರ್ಚಿಯೂ ಖಾಲಿ ಬೀಳದ ದಿನ ಕೂಡ 180 ಮುಟ್ಟುವುದಿಲ್ಲ. ಅದರ ಮೇಲೆ ಸೋಮವಾರ ತಿನ್ನದವರಿದ್ದಾರೆ, ಶನಿವಾರ ತಿನ್ನದವರಿದ್ದಾರೆ. ಶ್ರಾವಣ, ನವರಾತ್ರಿ, ಅಯ್ಯಪ್ಪ ಮಾಲೆಯ ದಿನಗಳು ಬೇರೆ. ಕಾರವಾರದಲ್ಲಿ ಇದನ್ನೆಲ್ಲ ನೀವು ನೋಡಿದ್ದೀರಿ. ಅಲ್ಲಿ ಜಾಗ ಸ್ವಂತದ್ದಾದ್ದರಿಂದ ಖಾಲಿ ಸೋಮವಾರ ನಿಮಗೆ ಹೊರೆಯಾಗಲಿಲ್ಲ. ಎಚ್‌ಎಸ್‌ಆರ್‌ನಲ್ಲಿ ಒಂದು ಖಾಲಿ ಸೋಮವಾರಕ್ಕೆ ಬಾಡಿಗೆಯೇ 6,300 ರೂಪಾಯಿ.

ಉಳಿದದ್ದು ಆ್ಯಪ್‌ನಲ್ಲಿ ಬರುತ್ತದೆ ಅಂತ ನಿಮ್ಮ ಪಾಲುದಾರರು ಹೇಳಿದ್ದಾರಲ್ವಾ? ಒಂದೇ ಒಂದು ಪಾರ್ಸೆಲ್ ಬಿಚ್ಚಿ ನೋಡೋಣ.

ಬಂಗಡೆ ಊಟ, ಬೆಲೆ 250. ಹೊಸ ಹೋಟೆಲ್ ಮೇಲಿನ ಸಾಲಲ್ಲಿ ಕಾಣಬೇಕಾದರೆ ರಿಯಾಯಿತಿ ಕೊಡಿ ಅಂತಾರೆ. ನಿಮ್ಮ ಕೈಯಿಂದ 50 ಬಿಟ್ಟಿರಿ, 200 ಉಳಿಯಿತು. ಆ್ಯಪ್‌ಗಳ ಕಮಿಷನ್ ಸಾಮಾನ್ಯವಾಗಿ 15ರಿಂದ 30 ಶೇಕಡಾದ ನಡುವೆ ಇರುತ್ತದೆ. ಒಂದೇ ಹೋಟೆಲ್ ಇರುವವರಿಗೆ ಚೌಕಾಸಿಯ ಬಲ ಇರುವುದಿಲ್ಲ. 25 ಅಂತ ಹಿಡಿದರೆ 50 ರೂಪಾಯಿ. ಕಮಿಷನ್ ಮೇಲೆ 18 ಶೇಕಡಾ ಜಿಎಸ್‌ಟಿ, 9 ರೂಪಾಯಿ. ಉಳಿದದ್ದು 141. ಅನ್ನ, ಸಾರು, ಹುರಿದ ಮೀನು, ಸೋಲ್‌ಕಡಿ (ಕೋಕಂ, ತೆಂಗಿನಹಾಲಿನ ಪಾನೀಯ) ನಾಲ್ಕಕ್ಕೂ ಬೇರೆ ಬೇರೆ ಡಬ್ಬಿ, ಮೇಲೊಂದು ಚೀಲ: 18 ರೂಪಾಯಿ. 123 ಆಯಿತು. ಮೀನು, ತೆಂಗಿನಕಾಯಿ, ಎಣ್ಣೆ, ಅಕ್ಕಿ ಸೇರಿ ಸಾಮಾನಿಗೇ 95. ಕೈಲಿ ಉಳಿದದ್ದು 28 ರೂಪಾಯಿ. ಇದರಲ್ಲಿ ಗ್ಯಾಸು, ಕರೆಂಟು, ಸಂಬಳ, ಬಾಡಿಗೆ ಎಲ್ಲ ಬರಬೇಕು. ಆರ್ಡರ್ ಜಾಸ್ತಿ ಆದಷ್ಟೂ ಅಡುಗೆಮನೆಯ ದಣಿವು ಜಾಸ್ತಿ, ಗಲ್ಲಾ ಇದ್ದ ಹಾಗೇ ಇರುತ್ತದೆ. ಕಮಿಷನ್ ಲೆಕ್ಕ ಹಾಕುವುದು ರಿಯಾಯಿತಿ ಕಳೆದ ಮೇಲಿನ ಮೊತ್ತಕ್ಕೋ ಪೂರ್ತಿ ಬೆಲೆಗೋ ಅಂತ ಕರಾರಿನಲ್ಲಿ ಬೆರಳಿಟ್ಟು ಓದಿ. ಪೂರ್ತಿ ಬೆಲೆಗೆ ಅಂತಿದ್ದರೆ ಆ 28 ಕೂಡ ಅರ್ಧ ಹೋಗುತ್ತದೆ.

ಇದು ದೇಶದ ಎಲ್ಲ ಸಣ್ಣ ಹೋಟೆಲಿನವರ ಗೋಳು. ನ್ಯಾಷನಲ್ ರೆಸ್ಟೋರೆಂಟ್ ಅಸೋಸಿಯೇಷನ್ ಆಫ್ ಇಂಡಿಯಾ ಕೊಟ್ಟ ದೂರಿನ ಮೇಲೆ 2022ರ ಏಪ್ರಿಲ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಜೊಮ್ಯಾಟೊ, ಸ್ವಿಗ್ಗಿ ಎರಡರ ಮೇಲೂ ತನಿಖೆಗೆ ಆದೇಶ ಮಾಡಿತ್ತು. ನಿಮ್ಮ ಊಟ ತಿಂದವರು ಯಾರು, ಅವರ ನಂಬರೇನು ಅನ್ನುವುದು ನಿಮಗೆ ಗೊತ್ತಾಗದಿರುವುದು ಇನ್ನೊಂದು ಹಳೆಯ ತಕರಾರು. ಕೋಡಿಬಾಗದಲ್ಲಿ ಆಯಿ ‘ಇವತ್ತು ಶೆಟ್ಲಿ (ಸೀಗಡಿ) ಬಂದಿದೆ, ನಿಮಗಿಷ್ಟ ಅಲ್ವಾ’ ಅಂತ ಹೇಳಿದರೆ ಗಿರಾಕಿ ಮುಂದಿನ ವಾರವೂ ಬರುತ್ತಾರೆ. ಆ್ಯಪ್‌ನಲ್ಲಿ ಆ ಮಾತು ಹೇಳಲು ಆಗುವುದಿಲ್ಲ.

ಇನ್ನೊಂದು ವಿಷಯ ಲೆಕ್ಕದ ಪುಸ್ತಕದಲ್ಲಿ ಕಾಣುವುದಿಲ್ಲ. ರವಾ ಹಚ್ಚಿ ಕಾವಲಿ ಮೇಲೆ ಹುರಿದ ಬಂಗಡೆ ತಟ್ಟೆಗೆ ಬಿದ್ದ ಐದು ನಿಮಿಷದಲ್ಲಿ ತಿನ್ನಬೇಕು. ಬಿಸಿ ಮೀನನ್ನು ಡಬ್ಬಿಗೆ ಹಾಕಿ ಮುಚ್ಚಳ ಒತ್ತಿದ ಕೂಡಲೇ ಅದರ ಹಬೆ ಮೇಲೇರಿ ಮುಚ್ಚಳಕ್ಕೆ ನೀರಾಗಿ ಕೂರುತ್ತದೆ. ಆ ನೀರು ಹನಿಹನಿಯಾಗಿ ರವಾ ಮೇಲೆಯೇ ಬೀಳುತ್ತದೆ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ಹೋಗಿ ಡಬ್ಬಿ ತೆರೆದರೆ ರವಾ ಪದರ ಕಳಚಿ ತಳದಲ್ಲಿ ಉಪ್ಪಿಟ್ಟಿನ ಹಾಗೆ ಮುದ್ದೆಯಾಗಿರುತ್ತದೆ. ನಿಮ್ಮ ಕೈಯಡುಗೆ ಮೊದಲ ಸಲ ತಿಂದವರು ಅದನ್ನೇ ಕಾರವಾರದ ರುಚಿ ಅಂದುಕೊಂಡು ಎರಡು ನಕ್ಷತ್ರ ಒತ್ತುತ್ತಾರೆ. ನನಗೆ ಇದು ನಿಜಕ್ಕೂ ಸಂಕಟ ಕೊಡುವ ಸಂಗತಿ. ಅದೇ ತೆಪ್ಪಲ (ಘಾಟು ಘಮದ ಕಾಡುಮಸಾಲೆ ಕಾಯಿ) ಹಾಕಿದ ಬಂಗಡೆ ಹುಮ್ಮಣ, ಅಂದರೆ ಮೀನುಸಾರು, ನೋಡಿ. ಗಂಟೆ ಕಳೆದಷ್ಟೂ ಹುಳಿ, ತೆಪ್ಪಲ ಮೀನಿಗೆ ಇಳಿದು ರುಚಿ ಏರುತ್ತದೆ. ತಿಸ್ರೆ (ಚಿಪ್ಪಿಮೀನು) ಸುಕ್ಕೆ, ಒಣ ಶೆಟ್ಲಿಗೆ ಕಾಯಿತುರಿ ಕಲಸಿದ ಕಿಸ್ಮುರ್ ಕೂಡ ದಾರಿ ತಾಳುತ್ತವೆ. ಆದ್ದರಿಂದ ಆ್ಯಪ್‌ಗೆ ಹೋಗುವುದಾದರೂ ಹುರಿದ ಮೀನನ್ನು ಅದರಲ್ಲಿ ಇಡಲೇಬೇಡಿ. ಅದು ಬೇಕಾದವರು ಹೋಟೆಲಿಗೇ ಬರಲಿ. ಪಾರ್ಸೆಲ್ಲಿಗೆ ಸಾರು, ಸುಕ್ಕೆ, ಅನ್ನ ಸಾಕು.

ಇನ್ನು ಮೂರು ವರ್ಷ ಬಿಡುವ ಹಾಗಿಲ್ಲ ಅನ್ನುವ ಷರತ್ತು. ಇಡೀ ಪತ್ರದಲ್ಲಿ ನನಗೆ ಹೆದರಿಕೆ ಹುಟ್ಟಿಸಿದ್ದು ಇದೇ. ನನ್ನ ಎರಡನೆಯ ಹೋಟೆಲಿಗೂ ಇದೇ ಷರತ್ತಿತ್ತು. ಶುರು ಮಾಡಿ ಎಂಟು ತಿಂಗಳಿಗೆ ಎದುರಿನ ರಸ್ತೆ ಅಗೆದರು. ತಗಡಿನ ಬೇಲಿ ಬಂತು. ಗಾಡಿ ನಿಲ್ಲಿಸಲು ಜಾಗ ಇಲ್ಲ, ನಡೆದು ಬರಲು ಒಂದಡಿ ದಾರಿ. ಬಾಗಿಲಿಗೆ ಒದ್ದೆ ಗೋಣಿ ಕಟ್ಟುತ್ತಿದ್ದೆವು. ಆದರೂ ಹಾಸಿದ ಬಾಳೆಎಲೆ ಮೇಲೆ ಹತ್ತು ನಿಮಿಷದಲ್ಲಿ ಸಣ್ಣ ಕೆಂಪು ಧೂಳು ಕೂತಿರುತ್ತಿತ್ತು. ಬೆರಳಲ್ಲಿ ಗೆರೆ ಎಳೆಯಬಹುದಿತ್ತು. ಮಧ್ಯಾಹ್ನದ 110 ಊಟ 30ಕ್ಕೆ ಇಳಿಯಿತು. ಬಾಡಿಗೆ ಒಂದು ರೂಪಾಯಿ ಇಳಿಯಲಿಲ್ಲ. 14 ತಿಂಗಳು ಎಳೆದೆ. ಬಿಟ್ಟಾಗ ಅಡ್ವಾನ್ಸಿನ ಅರ್ಧ ಮಾತ್ರ ಕೈಗೆ ಬಂತು, ಉಳಿದದ್ದು ಷರತ್ತಿಗೆ ಹೋಯಿತು. ಕರಾರು ಓದದೆ ಸಹಿ ಹಾಕಿದ್ದು ನಾನೇ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಯಾವ ಅಂಗಡಿ ಹಿಡಿದರೂ ಇಷ್ಟು ಕೇಳಿ. ಬಿಡದ ಅವಧಿ ನಿಮಗೆ ಆರು ತಿಂಗಳು, ಹೆಚ್ಚೆಂದರೆ ಒಂದು ವರ್ಷ. ಓನರ್ ನಿಮ್ಮನ್ನು ಎಬ್ಬಿಸದ ಅವಧಿ ಐದು ವರ್ಷ. ಎರಡೂ ಒಂದೇ ಅಲ್ಲ, ಎರಡನ್ನೂ ಬೇರೆ ಬೇರೆ ಬರೆಸಬೇಕು. ಒಳಗಿನ ಕೆಲಸ ಮುಗಿಯುವವರೆಗೆ 45 ದಿನವಾದರೂ ಬಾಡಿಗೆ ಬೇಡ ಅಂತ ಕೇಳಿ, ಹೆಚ್ಚಿನವರು ಒಪ್ಪುತ್ತಾರೆ. ಎದುರಿನ ರಸ್ತೆ ಕೆಲಸಕ್ಕೆ ಮುಚ್ಚಿದರೆ ಬಾಡಿಗೆ ಎಷ್ಟು ಇಳಿಯುತ್ತದೆ ಅಂತ ಒಂದು ಸಾಲು ಇರಲಿ. ಹೊಗೆಯ ಕೊಳವೆ ಮಹಡಿ ಮೇಲಿನವರೆಗೆ ಒಯ್ಯಲು ಬರಹದಲ್ಲಿ ಒಪ್ಪಿಗೆ ಬೇಕು. ಮೀನಿನ ಹೋಟೆಲಿಗೆ ಇದು ಎಲ್ಲಕ್ಕಿಂತ ದೊಡ್ಡದು. ಹುರಿಯುವ ವಾಸನೆಗೆ ಮೇಲಿನ ಮನೆಯವರು ತಕರಾರು ತೆಗೆದು ಮೂರೇ ತಿಂಗಳಿಗೆ ಜಾಗ ಬಿಟ್ಟವರನ್ನು ನಾನು ಕಂಡಿದ್ದೇನೆ. ಕಟ್ಟಡದಲ್ಲಿ ವ್ಯಾಪಾರಕ್ಕೆ ಅನುಮತಿ ಇದೆಯಾ, ಟ್ರೇಡ್ ಲೈಸೆನ್ಸ್ ಸಿಗುತ್ತದಾ ಅಂತ ಅಡ್ವಾನ್ಸ್ ಕೊಡುವ ಮೊದಲೇ ವಿಚಾರಿಸಿ. ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಲೇಬೇಕು. ಖರ್ಚು ಉಳಿಸಲು ಹೋಗಿ 11 ತಿಂಗಳ ಕಾಗದದ ಮೇಲೆ 20 ಲಕ್ಷದ ಅಡುಗೆಮನೆ ಕಟ್ಟಬೇಡಿ. ನೀರನ್ನೂ ನೋಡಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಬೋರ್‌ವೆಲ್ ನಂಬಿದ ಹೋಟೆಲಿನವರು ಟ್ಯಾಂಕರ್ ಹಿಂದೆ ಓಡಿದ್ದು ನೆನಪಿರಬಹುದು. ಮೀನು ತೊಳೆಯಲು ನಮಗೆ ಉಳಿದವರಿಗಿಂತ ಜಾಸ್ತಿ ನೀರು ಬೇಕು.

ಹಾಗಾದರೆ ಎಂಥ ಅಂಗಡಿ? ಒಳ ರಸ್ತೆಯಲ್ಲಿ 400 ಅಡಿ, 16 ಕುರ್ಚಿ, ತೆರಿಗೆ ಸೇರಿ ಬಾಡಿಗೆ 55,000ದ ಒಳಗೆ. ಮೇಲಿನ ಲೆಕ್ಕದಲ್ಲೇ ನೋಡಿದರೆ ತಿಂಗಳಿಗೆ ನಾಲ್ಕು ಲಕ್ಷ ವ್ಯಾಪಾರ ಸಾಕು. ದಿನಕ್ಕೆ 53 ಊಟ. ಮಧ್ಯಾಹ್ನ ಮೂರು ಸಲ ತುಂಬಿದರೆ 48, ಉಳಿದದ್ದು ರಾತ್ರಿ ಸಲೀಸಾಗಿ ಆಗುತ್ತದೆ. ಮುಖ್ಯ ರಸ್ತೆಯ ಬೋರ್ಡ್ ನೋಡಿ ಒಳಗೆ ಬರುವವರು ಚಹಾ, ದೋಸೆಗೆ ಬರುತ್ತಾರೆ. ಮೀನೂಟಕ್ಕೆ ಜನ ಹುಡುಕಿಕೊಂಡೇ ಬರುತ್ತಾರೆ. ಈಗಂತೂ ಫೋನ್‌ನಲ್ಲಿ ಮ್ಯಾಪ್ ಹಾಕಿಕೊಂಡು ಬರುತ್ತಾರೆ, ಒಳ ರಸ್ತೆ ಅಡ್ಡಿಯಾಗುವುದಿಲ್ಲ. ಮೇಲಾಗಿ ವರ್ಷದ ವ್ಯಾಪಾರ ಒಂದೂವರೆ ಕೋಟಿಯ ಒಳಗಿದ್ದರೆ ಜಿಎಸ್‌ಟಿಯ ಕಂಪೋಸಿಷನ್ ಪದ್ಧತಿಗೆ ಸೇರಬಹುದು. ಅದರಲ್ಲಿ ಗಿರಾಕಿಯಿಂದ ತೆರಿಗೆ ತೆಗೆದುಕೊಳ್ಳುವ ಹಾಗಿಲ್ಲ, 5 ಶೇಕಡಾ ನೀವೇ ಕಟ್ಟಬೇಕು. ಆದರೆ ರಿಜಿಸ್ಟರ್ ಆಗದ ಓನರ್‌ನ ಬಾಡಿಗೆಗೆ ನೀವು ತೆರಿಗೆ ಕಟ್ಟುವ ನಿಯಮ ನಿಮಗೆ ಬರುವುದಿಲ್ಲ. ಒಂದೇ ಪ್ಯಾನ್‌ನಲ್ಲಿ ನಡೆಸಿದರೆ ಕಾರವಾರದ್ದೂ ಬೆಂಗಳೂರಿನದ್ದೂ ವ್ಯಾಪಾರ ಕೂಡಿಯೇ ಲೆಕ್ಕವಾಗುತ್ತದೆ, ಇದು ನೆನಪಿರಲಿ. ಆ್ಯಪ್ ಸೇರುವ ಯೋಚನೆಯಿದ್ದರೆ ಮಾತ್ರ ಯಾವ ಪದ್ಧತಿ ಅಂತ ಸಿಎ ಹತ್ತಿರ ಕೂತು ತೀರ್ಮಾನ ಮಾಡಿ. ಲೆಕ್ಕ ಮೊದಲ ದಿನದಿಂದ ಚೊಕ್ಕ ಇರಲಿ. 2025ರ ಜುಲೈನಲ್ಲಿ ಯುಪಿಐಗೆ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಬೆಂಗಳೂರಿನ ಸಣ್ಣ ಅಂಗಡಿಗಳಿಗೆ ನೋಟಿಸ್ ಕೊಟ್ಟಾಗ ‘ಯುಪಿಐ ಇಲ್ಲ’ ಅಂತ ಬೋರ್ಡ್ ಹಾಕುವ ಮಟ್ಟಕ್ಕೆ ಜನ ಗಾಬರಿಯಾಗಿದ್ದರು. ಹಳೆಯ ಬಾಕಿ ಕೇಳುವುದಿಲ್ಲ ಅಂತ ಸರ್ಕಾರ ಹೇಳಿದ ಮೇಲೆ ತಣ್ಣಗಾಯಿತು. ಪ್ರತಿ ಸಲವೂ ಹಾಗೇ ಆಗುತ್ತದೆ ಅಂತ ನಂಬಿ ಕೂರಲು ಬರುವುದಿಲ್ಲ.

ಮೀನು ಎಲ್ಲಿಂದ? ಸಂಜೆ ಕಾರವಾರ ಬಿಟ್ಟು ಬೆಳಿಗ್ಗೆ ಬೆಂಗಳೂರು ಮುಟ್ಟುವ ಪಂಚಗಂಗಾ ರೈಲಿದೆ, ರಾತ್ರಿ ಬಸ್ಸುಗಳಿವೆ, ಮೀನಿನ ಗಾಡಿಗಳೂ ಓಡಾಡುತ್ತವೆ. ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಐಸ್ ಹಾಕಿ ಕಳಿಸಿದರೆ ಬಂಗಡೆ, ಇಸ್ವಾಣ (ಅಂಜಲ್) ಚೆನ್ನಾಗಿಯೇ ಬರುತ್ತವೆ. ಆದರೆ ದಿನಾ ಕಾರವಾರದ ಮೀನೇ ಬೇಕೆಂದು ಹಟ ಹಿಡಿಯಬೇಡಿ. ವಾರಕ್ಕೆ ಮೂರು ಪೆಟ್ಟಿಗೆ ಊರಿಂದ ಬರಲಿ, ಉಳಿದ ದಿನ ಶಿವಾಜಿನಗರದ ರಸೆಲ್ ಮಾರ್ಕೆಟ್ಟಿಗೆ ಬೆಳಗಿನ ಜಾವ ಹೋಗಿ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಆಗ ಬೆಲೆ ಎಲ್ಲಿಗೆ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಕಾರವಾರದ ಗಿರಾಕಿಗೆ ಅದು ಅರ್ಥವಾಗುತ್ತದೆ, ಬೆಂಗಳೂರಿನವರಿಗೆ ಆಗುವುದಿಲ್ಲ. ಆ ಎರಡು ತಿಂಗಳಿಗೆ ಬೇರೆಯೇ ಊಟ ಇಡಿ: ಒಣ ಮೀನು, ಕಿಸ್ಮುರ್, ಕೋಳಿ ಶಾಗೋತಿ (ಹುರಿದ ಮಸಾಲೆಯ ಸಾರು). ‘ಮಳೆಗಾಲದ ಊಟ’ ಅಂತ ಗೋಡೆ ಮೇಲೆ ಬರೆದು ಹಾಕಿ, ಕಾರಣವನ್ನೂ ಎರಡು ಸಾಲಲ್ಲಿ ಬರೆಯಿರಿ. ಮೀನು ಮೊಟ್ಟೆ ಇಡುವ ಕಾಲ ಅಂತ ಗೊತ್ತಾದರೆ ಜನ ಕಾಯುತ್ತಾರೆ.

ಮೀನೂಟ ಅಂದರೆ ಬೆಂಗಳೂರಿನವರಿಗೆ ಮಂಗಳೂರು. ನಿಮಗೂ ಎಲ್ಲರೂ ‘ನೀರುದೋಸೆ, ಕೋರಿರೊಟ್ಟಿ ಇದ್ಯಾ’ ಅಂತ ಕೇಳುತ್ತಾರೆ. ಅದನ್ನೆಲ್ಲ ಸೇರಿಸಲು ಹೋದರೆ ನಿಮ್ಮದು ನೂರಾ ಒಂದನೆಯ ಕರಾವಳಿ ಹೋಟೆಲ್ ಆಗುತ್ತದೆ. ತೆಪ್ಪಲದ ಸಾರು, ಸೋಲ್‌ಕಡಿ, ತಿಸ್ರೆ, ಇಷ್ಟನ್ನೇ ಹಿಡಿದುಕೊಳ್ಳಿ. 1943ರಿಂದ ನಡೆಯುತ್ತಿರುವ ವಿದ್ಯಾರ್ಥಿ ಭವನಕ್ಕೆ ಜನ ಇಂದಿಗೂ ಸಾಲು ನಿಲ್ಲುವುದು ಒಂದು ದೋಸೆಗೆ. ಇನ್ನು ರೀಲ್ಸ್ ಮಾಡುವವರು ಬಂದರೆ ಬರಲಿ, ಹಣ ಕೊಟ್ಟು ಕರೆಸಬೇಡಿ. ಒಂದು ರೀಲ್‌ಗೆ ಎರಡು ತಿಂಗಳು ನೂಕುನುಗ್ಗಲು ಬರುತ್ತದೆ. ಆ ಗದ್ದಲದಲ್ಲಿ ದಿನಾ ಬರುವ ಗಿರಾಕಿಗೆ ಜಾಗ ಸಿಗದೆ ಬೇರೆ ಕಡೆ ರೂಢಿಯಾಗುತ್ತದೆ. ನೂಕುನುಗ್ಗಲು ಹೋದ ಮೇಲೆ ಇಬ್ಬರೂ ಇರುವುದಿಲ್ಲ.

ನೀವು ಕೇಳದ ಒಂದು ಪ್ರಶ್ನೆಯನ್ನು ನಾನೇ ಕೇಳುತ್ತೇನೆ. ನೀವು ಬೆಂಗಳೂರಿಗೆ ಹೋದರೆ ಕೋಡಿಬಾಗದಲ್ಲಿ ಆಯಿಯ ಜೊತೆ ಯಾರು? ಮಸಾಲೆ ಅವರ ಕೈಯಲ್ಲಿದೆ. ಕೈ ಅಳತೆ ಬಸ್ಸು ಹತ್ತುವುದಿಲ್ಲ. ಈಗಲೇ ಒಂದು ಸಣ್ಣ ತಕ್ಕಡಿ ತಂದು ಅಡುಗೆಮನೆಯಲ್ಲಿಡಿ. ಆಯಿ ಮೆಣಸು, ಕೊತ್ತಂಬರಿ ಹಿಡಿ ತುಂಬಿ ಹಾಕುವ ಮೊದಲು ಆ ಹಿಡಿಯನ್ನು ತೂಗಿ ಬರೆದುಕೊಳ್ಳಿ. 15 ದಿನ ಬರೆದರೆ ಅಳತೆ ಸಿಗುತ್ತದೆ. ಹುರಿದು ಪುಡಿ ಮಾಡಿದ ಒಣ ಮಸಾಲೆ ಕಾರವಾರದಲ್ಲೇ ಆಗಲಿ, ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಲಿ. ತೆಂಗಿನಕಾಯಿ ಮಾತ್ರ ಆಯಾ ದಿನ ಅಲ್ಲೇ ರುಬ್ಬಬೇಕು. 2025ರಲ್ಲಿ ಕಾಯಿ ಬೆಲೆ ಏರಿದಾಗ ಕೆಲವರು ಸಾರಿಗೆ ಕಾಯಿ ಕಡಿಮೆ ಮಾಡಿ ಟೊಮೆಟೊ ಹಾಕಿದರು. ದಯವಿಟ್ಟು ಅದನ್ನು ಮಾಡಬೇಡಿ. ಊಟಕ್ಕೆ ಹತ್ತು ರೂಪಾಯಿ ಏರಿಸಿ, ಗಿರಾಕಿಗೆ ಕಾರಣ ಹೇಳಿ.

ಕೆಲಸದವರ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಸಂಬಳದ ಜೊತೆ ಊಟ, ರೂಮು ಇಲ್ಲದೆ ಬೆಂಗಳೂರಲ್ಲಿ ಯಾರೂ ನಿಲ್ಲುವುದಿಲ್ಲ. ರೂಮಿನ ಬಾಡಿಗೆಯನ್ನೂ ಹೋಟೆಲ್ ಖರ್ಚಿಗೆ ಸೇರಿಸಿ. ಹತ್ತು ಜನ ಆದರೆ ಕೆಲಸದವರ ಆರೋಗ್ಯ ವಿಮೆಯಾದ ಇಎಸ್‌ಐ ಬರುತ್ತದೆ. 16 ಕುರ್ಚಿಯ ಹೋಟೆಲಿಗೆ ಐದು ಜನ ಸಾಕು. ಅದರಲ್ಲಿ ಇಬ್ಬರು ನಿಮ್ಮ ಕೈಕೆಳಗೆ ಕಲಿತ ಊರಿನವರಾಗಿರಲಿ. ಪಾಲುದಾರರ ಜೊತೆ ಬರಹದ ಒಪ್ಪಂದ ಬೇಕು. ಹಣ ಅರ್ಧ ಅರ್ಧ, ಕೆಲಸ ಪೂರ್ತಿ ನಿಮ್ಮದು ಅಂದರೆ ಲಾಭ ಹಂಚುವ ಮೊದಲು ನಿಮಗೊಂದು ಸಂಬಳ ಬರೆಸಿಕೊಳ್ಳಿ. ಇದು ಕೇಳಲು ನಾಚಿಕೆಪಡುವ ವಿಷಯವೇ ಅಲ್ಲ. ಹೋಟೆಲಿನ ಹೆಸರು ಮತ್ತು ಆಯಿಯ ಮಸಾಲೆ ನಿಮ್ಮ ಕುಟುಂಬದ್ದು ಅಂತಲೂ ಅದರಲ್ಲೇ ಬರಲಿ.

ಅಂಗಡಿ ಹಿಡಿಯುವ ಮೊದಲು ಮೂರು ತಿಂಗಳು ಹೀಗೆ ಮಾಡಿ ನೋಡಿ ಅನ್ನುವುದು ನನ್ನ ಸಲಹೆ. ಬೆಂಗಳೂರಲ್ಲಿ ಲೈಸೆನ್ಸ್ ಇರುವ ಅಡುಗೆಮನೆಗಳು ಬಾಡಿಗೆಗೆ ಸಿಗುತ್ತವೆ. ಶನಿವಾರ, ಭಾನುವಾರಕ್ಕೆ ಮಾತ್ರ ಒಂದನ್ನು ಗೊತ್ತು ಮಾಡಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕಾಗದ ನಿಮ್ಮ ಹೆಸರಲ್ಲೂ ಬೇಕು. ನಮ್ಮ ಕಡೆಯವರು ಇರುವ ಎರಡೋ ಮೂರೋ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಗುರುವಾರ ಊಟದ ಪಟ್ಟಿ ಹಾಕಿ. ಶುಕ್ರವಾರ ರಾತ್ರಿ ಆರ್ಡರ್ ನಿಲ್ಲಿಸಿ, ಹಣ ಮೊದಲೇ ತೆಗೆದುಕೊಳ್ಳಿ. ಎಷ್ಟು ಊಟವೋ ಅಷ್ಟೇ ಮೀನು ಪೆಟ್ಟಿಗೆ ಹತ್ತುತ್ತದೆ. ಕಮಿಷನ್ ಇಲ್ಲ, ಉಳಿಯುವ ಮೀನಿಲ್ಲ, ತಿಂದವರ ನಂಬರು ನಿಮ್ಮ ಕೈಯಲ್ಲಿ. ಒಂದೇ ಮನೆಯವರು ತಿಂಗಳಲ್ಲಿ ಎಷ್ಟು ಸಲ ತರಿಸಿದರು ಅಂತ ಬರೆದಿಡಿ. ಪ್ರವಾಸಕ್ಕೆ ಬಂದವರು ಸಮುದ್ರದ ದಡದಲ್ಲಿ ಕೂತು ಹೇಳಿದ ಮಾತು ಅಲ್ಲಿ ಎಷ್ಟು ನಿಲ್ಲುತ್ತದೆ ಅಂತ ಈ ಪಟ್ಟಿ ಹೇಳುತ್ತದೆ. ಎರಡನೆಯ ತಿಂಗಳಲ್ಲಿ ಅರ್ಧದಷ್ಟು ಮನೆಯವರು ಮತ್ತೆ ತರಿಸಿದರೆ ಆ ಅಪಾರ್ಟ್‌ಮೆಂಟಿಂದ ಎರಡು ಕಿಲೋಮೀಟರ್ ಒಳಗೆ ಅಂಗಡಿ ಹುಡುಕಲು ಶುರು ಮಾಡಿ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿದ ಮೇಲೆ ಈ ಪ್ರಯೋಗ ಶುರು ಮಾಡಿದರೆ ಮೀನು ಸಲೀಸು. ಆದರೆ ಆಗ ಶ್ರಾವಣವೂ ಇರುತ್ತದೆ. ಹಾಗಾಗಿ ಗಣೇಶ ಚೌತಿ ಕಳೆದ ಮೊದಲ ಭಾನುವಾರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ಎಚ್‌ಎಸ್‌ಆರ್ ಅಂಗಡಿಗೆ ಟೋಕನ್ ಅಂತ ಹತ್ತು ಸಾವಿರವನ್ನೂ ಕೊಡಬೇಡಿ.